ಮೊದಲು ಗಾಳ ನೋಡಿ, ಆಮೇಲೆ ರಾಡ್: ಬಾಸ್ ಹಿಡಿಯಲು ನಾನು ಸಾಮಾನು ಆರಿಸುವ ಬಗೆ

ಬಾಸ್ ಅನ್ನುವ ಸಿಹಿನೀರಿನ ಬೇಟೆ ಮೀನನ್ನು ಹಿಡಿಯೋಕೆ ಯಾವ ರಾಡ್ ತೆಗೆದುಕೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಲೈನ್‌ನ, ಅಂದರೆ ಗಾಳದ ದಾರದ, ತುದಿಗೆ ಏನು ಕಟ್ಟುತ್ತೀರಿ? ಹೆಚ್ಚಿನವರು ಉಲ್ಟಾ ಕಡೆಯಿಂದ ಶುರು ಮಾಡುತ್ತಾರೆ. ಮೊದಲು ಕಣ್ಣಿಗೆ ಬೀಳುವುದು ಲೈನ್ ಸುತ್ತುವ ರೀಲ್. ಹೊಳೆಯುತ್ತದೆ, ನುಣ್ಣಗೆ ತಿರುಗುತ್ತದೆ, ಒಳಗೆ ಎಷ್ಟು ಬೇರಿಂಗ್ ಇವೆ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ದುಡ್ಡಿನಲ್ಲಿ ಮುಕ್ಕಾಲು ಪಾಲು ಅಲ್ಲೇ ಹೋಗುತ್ತದೆ. ಉಳಿದದ್ದಕ್ಕೆ ಒಂದು ರಾಡ್, ಕೊನೆಗೆ ಕೈಗೆ ಸಿಕ್ಕ ಲೈನ್. ನಾನು ತುದಿಯಿಂದ ಹಿಡಿಯ ಕಡೆಗೆ ಬರುತ್ತೇನೆ. ಲೂರ್ (ಮೀನನ್ನು ಸೆಳೆಯುವ ನಕಲಿ ಎರೆ), ಅದರ ಗಾಳ, ಲೈನ್, ರಾಡ್, ಇವೆಲ್ಲ ಆದ ಮೇಲೆ ರೀಲ್.

ಮೀನಿನ ತೂಕ ನೋಡಿ ಆರಿಸಬಾರದಾ ಅಂತ ಅನ್ನಿಸಬಹುದು. ಬಾಸ್ ವಿಷಯದಲ್ಲಿ ಆ ಲೆಕ್ಕ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ದೊಡ್ಡಬಾಯಿ (ಲಾರ್ಜ್‌ಮೌತ್) ಬಾಸ್‌ನ ವಿಶ್ವದಾಖಲೆಯೇ 22 ಪೌಂಡ್ ಚಿಲ್ಲರೆ, ಅಂದರೆ 10 ಕಿಲೋ ಆಸುಪಾಸು. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದದ್ದು ಒಂದು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದದ್ದು ಇನ್ನೊಂದು. ಎರಡೂ ಸಮ ಅಂತ ದಾಖಲಾಗಿವೆ. ನಮ್ಮ ನಿಮ್ಮಂಥವರಿಗೆ ಸಿಗುವುದು ಒಂದೆರಡು ಕಿಲೋದ ಮೀನು. ತೆರೆದ ನೀರಿನಲ್ಲಿ ಅದಕ್ಕೆ 8 ಪೌಂಡ್ ಲೈನ್, ಅಂದರೆ ಅಷ್ಟು ಎಳೆತ ತಡೆಯುವ ಲೈನ್, ಧಾರಾಳ. ಆದರೂ ನನ್ನ ಒಂದು ರೀಲ್‌ಗೆ 65 ಪೌಂಡ್ ಲೈನ್ ಸುತ್ತಿಟ್ಟಿದ್ದೇನೆ. ಅದು ಇರುವುದು ಕಳೆಗೋಸ್ಕರ. ಬಾಸ್ ಜೊಂಡು, ತಾವರೆ ಎಲೆ, ಮುಳುಗಿದ ಕೊಂಬೆಗಳ ಸಂದಿಯಲ್ಲಿ ಹೊಂಚು ಹಾಕಿ ಕೂರುವ ಮೀನು. ಗಾಳ ಚುಚ್ಚಿದ ತಕ್ಷಣ ಮತ್ತೆ ಅಲ್ಲಿಗೇ ನುಗ್ಗುತ್ತದೆ. ಆಗ ಮೀನಿನ ಜೊತೆಗೆ ಅದರ ಮೈಗೆ ಸುತ್ತಿಕೊಂಡ ಬಳ್ಳಿ, ಪಾಚಿಯನ್ನೂ ಎಳೆಯಬೇಕು.

ಈಗ ಗಾಳದ ವಿಷಯ. ರಾಡ್ ಆರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಬಾಸ್ ಲೂರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಗಾಳ. ಜಿಗ್ (ತಲೆಗೆ ಸೀಸದಂಥ ತೂಕ ಕೂರಿಸಿದ ಲೂರ್), ರಬ್ಬರ್ ಹುಳು, ಕಪ್ಪೆ ಲೂರ್ ಇವಕ್ಕೆಲ್ಲ ದಪ್ಪ ತಂತಿಯ ಒಂಟಿ ಅಥವಾ ಜೋಡಿ ಗಾಳ. ಕಳೆಗೆ ಸಿಕ್ಕಿಕೊಳ್ಳಬಾರದು ಅಂತ ಎಷ್ಟೋ ಸಲ ಅದರ ಮೊನೆಯನ್ನು ಪ್ಲಾಸ್ಟಿಕ್ ಒಳಗೇ ಅಡಗಿಸಿರುತ್ತೇವೆ. ಅದು ಮೊದಲು ಪ್ಲಾಸ್ಟಿಕ್ ಸೀಳಿ ಹೊರಗೆ ಬರಬೇಕು, ಆಮೇಲೆ ಬಾಸ್‌ನ ಗಟ್ಟಿ ಬಾಯಿಗೆ ಇಳಿಯಬೇಕು. ಅದಕ್ಕೆ ಬಲವಾದ ಒಂದು ಜಗ್ಗು ಬೇಕು. ಬಗ್ಗುವ ರಾಡ್ ಆ ಜಗ್ಗನ್ನು ತಾನೇ ನುಂಗಿಬಿಡುತ್ತದೆ. ಹಾಗಾಗಿ ಇಲ್ಲಿ ಬಿಗಿ ರಾಡ್.

ಕ್ರ್ಯಾಂಕ್‌ಬೇಟ್, ಜರ್ಕ್‌ಬೇಟ್, ಪಾಪರ್ ಅನ್ನುವ ಗಟ್ಟಿ ಮೈಯ ಲೂರ್‌ಗಳಿಗೆ ಇರುವುದು ಮೂರು ಕವಲಿನ ತೆಳ್ಳಗಿನ ಟ್ರೆಬಲ್ ಗಾಳ. ಅದು ಬರೀ ಮುಟ್ಟಿದರೂ ಸಿಕ್ಕಿಕೊಳ್ಳುತ್ತದೆ, ಆದರೆ ಆಳಕ್ಕೆ ಇಳಿಯುವುದಿಲ್ಲ. ಬಿಗಿ ರಾಡ್‌ನಿಂದ ಜಗ್ಗಿದರೆ ಹಳೇ ಅಂಗಿಯ ಗುಂಡಿ ತೂತಿನ ಹಾಗೆ ಮೀನಿನ ಬಾಯಲ್ಲಿ ಗಾಳ ಚುಚ್ಚಿದ ತೂತು ದೊಡ್ಡದಾಗುತ್ತಾ ಹೋಗುತ್ತದೆ. ಮೀನು ನೀರಿನಿಂದ ಮೇಲೆ ಹಾರಿ ತಲೆ ಒದರುವಾಗ ಲೈನ್ ಒಂದು ಕ್ಷಣ ಸಡಿಲವಾದರೆ ಸಾಕು, ಗಾಳ ಕಳಚಿ ಬೀಳುತ್ತದೆ. ಮೆತ್ತಗಿನ ರಾಡ್ ಮೀನಿನ ಜೊತೆಗೇ ಬಾಗುತ್ತದೆ, ಲೈನ್ ಸಡಿಲವಾಗೋಕೆ ಬಿಡುವುದಿಲ್ಲ. ಹಾಗಾಗಿ ಕ್ರ್ಯಾಂಕ್‌ಬೇಟ್‌ಗೆ ನಾನು ಬಳಸುವುದು ಫೈಬರ್‌ಗ್ಲಾಸ್ ಬೆರೆತ ರಾಡ್. ಹಳೇ ಕಾಲದ ಸರಕು ಅಂತ ಕೆಲವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ಕೈಗೆ ಸ್ಪರ್ಶ ಚೆನ್ನಾಗಿ ತಿಳಿಯಬೇಕಾದ ಜಿಗ್, ಹುಳುಗಳಿಗೆ ಗ್ರಾಫೈಟ್ ಸರಿ. ಕ್ರ್ಯಾಂಕ್‌ಬೇಟ್‌ಗೆ ಗ್ಲಾಸೇ ಸರಿ.

ರಾಡ್‌ನ ಹಿಡಿಯ ಸ್ವಲ್ಪ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಅದನ್ನು ಓದೋಕೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. 7 ಅಡಿ, ಮೀಡಿಯಂ ಹೆವಿ, ಫಾಸ್ಟ್, ಲೈನ್ 12ರಿಂದ 20 ಪೌಂಡ್, ಲೂರ್ ಕಾಲರಿಂದ ಮುಕ್ಕಾಲು ಔನ್ಸ್ ಅಂತ ಬರೆದಿದೆ ಅಂದುಕೊಳ್ಳಿ. ಮೀಡಿಯಂ ಹೆವಿ ಅನ್ನುವುದು ಪವರ್, ಅಂದರೆ ಬಗ್ಗಿಸೋಕೆ ಎಷ್ಟು ಬಲ ಬೇಕು. ಫಾಸ್ಟ್ ಅನ್ನುವುದು ಆಕ್ಷನ್, ಅಂದರೆ ಎಲ್ಲಿ ಬಗ್ಗುತ್ತದೆ. ಫಾಸ್ಟ್ ಆದರೆ ತುದಿಯ ಕಡೆಯ ಮೂರನೇ ಒಂದು ಭಾಗ, ಮಾಡರೇಟ್ ಆದರೆ ನಡುವಿನವರೆಗೆ. ಈ ಎರಡನ್ನೂ ಒಂದೇ ಅಂದುಕೊಳ್ಳುವವರೇ ಜಾಸ್ತಿ. ಹೆವಿ ಪವರ್‌ನ ರಾಡ್ ಕೂಡ ನಡುವಿನವರೆಗೆ ಬಗ್ಗುವಂಥದ್ದಾಗಿರಬಹುದು. ಲೈಟ್ ಪವರ್‌ನ ರಾಡ್‌ನ ತುದಿ ಮಾತ್ರ ಬಗ್ಗಬಹುದು.

ಇದರಲ್ಲಿ ಒಂದು ತಕರಾರಿದೆ. ಒಬ್ಬರ ಮೀಡಿಯಂ ಹೆವಿ ಇನ್ನೊಬ್ಬರ ಮೀಡಿಯಂ ಆಗಿರುತ್ತದೆ, ಎಲ್ಲ ಕಂಪನಿಗಳೂ ಒಪ್ಪಿಕೊಂಡ ಅಳತೆಯೇ ಇಲ್ಲ. ಹಾಗಾಗಿ ನಾನು ಜಾಸ್ತಿ ನಂಬುವುದು ಲೂರ್‌ನ ತೂಕವನ್ನು. ಒಂದು ಔನ್ಸ್ ಅಂದರೆ 28 ಗ್ರಾಂ. ಕಾಲು ಔನ್ಸ್ 7 ಗ್ರಾಂ, ಮುಕ್ಕಾಲು ಔನ್ಸ್ 21 ಗ್ರಾಂ. ನಾನು ಎಸೆಯುವ ಲೂರ್ ಈ ಎರಡರ ನಡುಮಧ್ಯೆ ಬರಬೇಕು. ಅಂಚಿಗೆ ಬಂದರೆ ಎಸೆಯಲು ಆಗುತ್ತದೆ, ಆದರೆ ರಾಡ್ ಸರಿಯಾಗಿ ಬಾಗಿ ತಾನೇ ಚಿಮ್ಮುವುದಿಲ್ಲ. ಮತ್ತೆ, ರಬ್ಬರ್ ಹುಳು ಕಟ್ಟುವಾಗ ಬರೀ ಸೀಸದ ತೂಕ ನೋಡಿದರೆ ಸಾಲದು. ಹುಳು, ಗಾಳ, ಸೀಸ ಎಲ್ಲ ಸೇರಿಸಿ ಒಮ್ಮೆ ತಕ್ಕಡಿಯಲ್ಲಿಟ್ಟು ನೋಡಿ. ನೀವು ಅಂದುಕೊಂಡದ್ದಕ್ಕಿಂತ ಭಾರ ಇರುತ್ತದೆ. ಉದ್ದದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, 7 ಅಡಿ ಬಹುತೇಕ ಎಲ್ಲಕ್ಕೂ ನಡೆಯುತ್ತದೆ.

ಲೈನ್‌ಗೆ ಬರೋಣ. ನನ್ನ ಪ್ರಕಾರ ಜನ ತೀರಾ ಕಡಿಮೆ ಯೋಚಿಸುವುದು ಇದರ ಬಗ್ಗೆ. ಮೂರು ಬಗೆ ಇವೆ: ನೈಲಾನ್ ಮಾನೋ (ಒಂಟಿ ಎಳೆ), ಫ್ಲೋರೋಕಾರ್ಬನ್ (ಚಿಕ್ಕದಾಗಿ ಫ್ಲೋರೋ), ಬ್ರೇಡ್ (ಹೆಣೆದ ದಾರ). ಎಷ್ಟು ಪೌಂಡ್ ತಡೆಯುತ್ತದೆ ಅನ್ನುವುದಕ್ಕಿಂತ ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಬೇಕು. ನೀರಿನ ಸಾಂದ್ರತೆ 1 ಅಂದರೆ ಬ್ರೇಡ್‌ನ ಪಾಲಿಎಥಿಲೀನ್ ಎಳೆಗಳದ್ದು ಸುಮಾರು 0.97, ತೇಲುತ್ತದೆ. ನೈಲಾನ್‌ದು 1.14, ನಿಧಾನಕ್ಕೆ ಮುಳುಗುತ್ತದೆ. ಫ್ಲೋರೋ 1.78, ಸೀದಾ ಕೆಳಗೆ. ಈಗ ನೀರಿನ ಮೇಲೆ ಬುಳಕ್ ಬುಳಕ್ ಅನ್ನಿಸಬೇಕಾದ ಪಾಪರ್‌ಗೆ ಫ್ಲೋರೋ ಕಟ್ಟಿದರೆ ಏನಾಗುತ್ತದೆ? ಲೈನ್ ಮುಳುಗಿ ಪಾಪರ್‌ನ ಮೂತಿಯನ್ನು ಕೆಳಕ್ಕೆ ಎಳೆಯುತ್ತದೆ. ಅದಕ್ಕೆ 12ರಿಂದ 15 ಪೌಂಡ್ ಮಾನೋ ಒಳ್ಳೆಯದು. ಆಳಕ್ಕೆ ಇಳಿಯಬೇಕಾದ ಕ್ರ್ಯಾಂಕ್‌ಬೇಟ್‌ಗೆ 10ರಿಂದ 12 ಪೌಂಡ್ ಫ್ಲೋರೋ. ಅದಕ್ಕಿಂತ ದಪ್ಪ ಆದರೆ ನೀರು ಲೈನ್ ಅನ್ನು ತಡೆದು ಲೂರ್ ಅಷ್ಟು ಆಳ ಹೋಗುವುದಿಲ್ಲ.

ಫ್ಲೋರೋ ಲೈನ್ ಮಾಡಿದ್ದು ಜಪಾನಿನ ಕುರೆಹಾ ಕಂಪನಿ, 1971ರಲ್ಲಿ. ಬೆಳಕನ್ನು ಬಗ್ಗಿಸುವ ಗುಣದಲ್ಲಿ ಅದು ನೀರಿಗೆ ನೈಲಾನ್‌ಗಿಂತ ಹತ್ತಿರ. ನೀರಿನದ್ದು 1.33, ಫ್ಲೋರೋದ್ದು 1.42. ಹಾಗಾಗಿ ಕಾಣುವುದು ಕಡಿಮೆ. ಆದರೆ ಕಾಣುವುದೇ ಇಲ್ಲ ಅನ್ನುವುದು ಮಾರಾಟದ ಮಾತು. ಹಿಗ್ಗುವುದೇ ಇಲ್ಲ ಅನ್ನುವುದೂ ಅಷ್ಟೇ. ಜೋರಾಗಿ ಎಳೆದರೆ ಅದೂ ಹಿಗ್ಗುತ್ತದೆ. ನಾನು ಅದನ್ನು ಇಷ್ಟಪಡುವುದು ಕಲ್ಲು, ಕೊರಡಿಗೆ ಉಜ್ಜಿದರೂ ತಡೆಯುತ್ತದೆ ಅಂತ. ಆದರೂ ಮೀನು ಬಿಡಿಸಿದ ಮೇಲೆ, ಅಥವಾ ಕೊಂಬೆಗೆ ಸಿಕ್ಕಿ ಬಿಡಿಸಿಕೊಂಡ ಮೇಲೆ, ಕೊನೆಯ ಒಂದು ಮೀಟರ್ ಲೈನನ್ನು ಹೆಬ್ಬೆರಳಿನ ಉಗುರು ಮತ್ತು ತೋರುಬೆರಳಿನ ನಡುವೆ ಮೆಲ್ಲಗೆ ಎಳೆದು ನೋಡುತ್ತೇನೆ. ಕಣ್ಣಿಗೆ ಕಾಣದ ತರಿ ಉಗುರಿಗೆ ಸಿಗುತ್ತದೆ, ಟಕ್ ಅಂತ ತಡೆಯುತ್ತದೆ. ಅಲ್ಲಿಗೆ ಕತ್ತರಿಸಿ ಹೊಸದಾಗಿ ಗಂಟು ಹಾಕುವುದು. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಲೇಬೇಕು. ಒಣಗಂಟು ಬಿಗಿದರೆ ಉಜ್ಜಿದ ಬಿಸಿಗೆ ಫ್ಲೋರೋ ಅಲ್ಲೇ ಸೋಲುತ್ತದೆ.

ಬ್ರೇಡ್ ತೆಳ್ಳಗೆ, ಗಟ್ಟಿ, ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. 30 ಪೌಂಡ್ ಬ್ರೇಡ್ ಸುಮಾರು 8 ಪೌಂಡ್ ಮಾನೋದಷ್ಟು ದಪ್ಪ ಇರುತ್ತದೆ. ಹಾಗಂತ ಬೇಟ್‌ಕಾಸ್ಟಿಂಗ್ ರೀಲ್‌ಗೆ ತೀರಾ ತೆಳು ಬ್ರೇಡ್ ಸುತ್ತಬಾರದು. ಜೋರಾಗಿ ಎಳೆದಾಗ ಸ್ಪೂಲಿನ (ರೀಲ್‌ನಲ್ಲಿ ಲೈನ್ ಸುತ್ತಿರುವ ಉರುಳೆಯ) ಒಳಸುತ್ತುಗಳ ನಡುವೆ ಹೂತುಕೊಂಡು, ಮುಂದಿನ ಎಸೆತದಲ್ಲಿ ಗಕ್ಕನೆ ನಿಲ್ಲುತ್ತದೆ. ಇನ್ನೊಂದು ಮಾತು, ಬ್ರೇಡನ್ನು ನೇರವಾಗಿ ನುಣುಪು ಸ್ಪೂಲಿಗೆ ಕಟ್ಟಿದರೆ ಇಡೀ ಸುತ್ತೇ ಜಾರುತ್ತದೆ. ಅಡಿಯಲ್ಲಿ ಮೊದಲು ನಾಲ್ಕಾರು ಸುತ್ತು ಮಾನೋ ಹಾಕಿಕೊಳ್ಳಿ.

ರೀಲ್ ಆರಿಸುವುದು ಈಗ ಸುಲಭ. ಲೂರ್ 7 ಗ್ರಾಂಗಿಂತ ಹಗುರವಾದರೆ ಸ್ಪಿನ್ನಿಂಗ್, ಭಾರವಾದರೆ ಬೇಟ್‌ಕಾಸ್ಟಿಂಗ್. ಸ್ಪಿನ್ನಿಂಗ್ ರೀಲ್‌ನಲ್ಲಿ ಎಸೆಯುವಾಗ ಸ್ಪೂಲ್ ತಿರುಗುವುದಿಲ್ಲ, ಲೈನ್ ಸುರುಳಿಯಾಗಿ ಜಾರಿ ಹೋಗುತ್ತದೆ. ಹಾಗಾಗಿ ಹಗುರ ಲೂರ್ ಕೂಡ ಎಳೆದುಕೊಂಡು ಹೋಗುತ್ತದೆ. ಎಸೆದ ಮೇಲೆ ಅದರ ಬೇಲ್ ತಂತಿಯನ್ನು, ಅಂದರೆ ಲೈನ್ ಹಿಡಿದಿಡುವ ಬಾಗಿದ ತಂತಿಯನ್ನು, ಕೈಯಿಂದಲೇ ಮುಚ್ಚಿ, ಲೈನ್ ಒಮ್ಮೆ ಜಗ್ಗಿ. ರೀಲ್‌ನ ಹಿಡಿ ತಿರುಗಿಸಿ ಮುಚ್ಚಿದರೆ ಸಡಿಲ ಸುತ್ತುಗಳು ಸೇರಿಕೊಂಡು ಆಮೇಲೆ ಸಿಕ್ಕಾಗುತ್ತವೆ.

ಬೇಟ್‌ಕಾಸ್ಟಿಂಗ್‌ನಲ್ಲಿ ಸ್ಪೂಲೇ ತಿರುಗಬೇಕು. ಲೂರ್ ನಿಧಾನವಾದರೂ ಸ್ಪೂಲ್ ತನ್ನ ಪಾಡಿಗೆ ತಿರುಗುತ್ತಿದ್ದರೆ ಲೈನ್ ಗೋಜಲಾಗುತ್ತದೆ. ಎಲ್ಲರೂ ಹೆದರುವುದು ಇದಕ್ಕೇ. ಲೂರ್ ಬದಲಿಸಿದಾಗಲೆಲ್ಲ ನಾನು ರಾಡ್ ಅನ್ನು ಮುಂದೆ ಚಾಚಿ, ಸ್ಪೂಲ್ ಬಿಡುವ ಗುಂಡಿ ಒತ್ತಿ, ಹೆಬ್ಬೆರಳು ಎತ್ತುತ್ತೇನೆ. ರೀಲ್‌ನ ಹಿಡಿಯ ಪಕ್ಕದ ಪುಟ್ಟ ತಿರುಪನ್ನು ಲೂರ್ ಮೆಲ್ಲಗೆ ಕೆಳಗಿಳಿಯುವಷ್ಟು ಬಿಗಿಯುತ್ತೇನೆ. ಲೂರ್ ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಆಮೇಲೆ ರೀಲ್‌ನ ಪಕ್ಕದಲ್ಲಿರುವ, ಸ್ಪೂಲಿನ ವೇಗ ತಗ್ಗಿಸುವ ಬ್ರೇಕ್. ಹೊಸಬರು ಅದನ್ನು ಮುಕ್ಕಾಲಿಗಿಂತ ಜಾಸ್ತಿ ಇಟ್ಟು ಶುರು ಮಾಡಿ, ಹೆಬ್ಬೆರಳಿಗೆ ಅಭ್ಯಾಸ ಆಗುತ್ತಿದ್ದಂತೆ ಕಡಿಮೆ ಮಾಡುತ್ತಾ ಹೋಗಲಿ. ಎದುರುಗಾಳಿ ಇದ್ದರೆ ಮತ್ತೆ ಜಾಸ್ತಿ ಮಾಡಿ. ಹೆಬ್ಬೆರಳಂತೂ ಸ್ಪೂಲಿನ ಮೇಲೆ ಇರಲೇಬೇಕು, ಲೂರ್ ನೀರು ಮುಟ್ಟುವ ಮುಂಚೆ ಒತ್ತಲೇಬೇಕು.

ಗೇರ್ ಅನುಪಾತ, ಅಂದರೆ ಹಿಡಿ ಒಂದು ಸುತ್ತು ತಿರುಗಿಸಿದರೆ ಸ್ಪೂಲ್ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು, 7:1ರ ಸುತ್ತಮುತ್ತ ಇದ್ದರೆ ಎಲ್ಲಕ್ಕೂ ಆಗುತ್ತದೆ. ಕ್ರ್ಯಾಂಕ್‌ಬೇಟ್‌ಗೆ 5:1ರದ್ದು ಹಿತ, ಕೈಗೆ ಆಯಾಸ ಕಡಿಮೆ, ಲೂರ್ ಕೂಡ ತಾನಾಗಿಯೇ ನಿಧಾನಕ್ಕೆ ಬರುತ್ತದೆ. ಬೇರಿಂಗ್ ಎಷ್ಟಿವೆ ಅಂತ ನಾನು ನೋಡುವುದನ್ನೇ ಬಿಟ್ಟಿದ್ದೇನೆ. ಮೀನು ಜೋರಾಗಿ ಎಳೆದಾಗ ಲೈನ್ ಬಿಟ್ಟುಕೊಡುವ ಡ್ರ್ಯಾಗ್ ಮಾತ್ರ ನೋಡುತ್ತೇನೆ. ಲೈನ್‌ನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದಾಗ, ಲೈನ್‌ನ ಶಕ್ತಿಯ ಕಾಲು ಭಾಗಕ್ಕೆ ಅದು ಬಿಡಲು ಶುರು ಮಾಡಬೇಕು. 8 ಪೌಂಡ್ ಲೈನ್ ಆದರೆ 2 ಪೌಂಡ್‌ಗೆ, ಜರ್ಕ್ ಇಲ್ಲದೆ ನುಣ್ಣಗೆ. ದಟ್ಟ ಕಳೆಯಲ್ಲಿ ಕಪ್ಪೆ ಲೂರ್ ಹಾಕುವಾಗ ಈ ಲೆಕ್ಕ ಇಲ್ಲ. ಅಲ್ಲಿ ಡ್ರ್ಯಾಗ್ ಪೂರ್ತಿ ಬಿಗಿ, ಮೀನಿಗೆ ಒಂದು ಗೇಣೂ ಕೊಡಬಾರದು.

ಎರಡೇ ಸೆಟ್ ಇಟ್ಟುಕೊಳ್ಳಬೇಕು ಅಂದರೆ ನನ್ನ ಆಯ್ಕೆ ಇದು. ಒಂದು, 7 ಅಡಿ ಮೀಡಿಯಂ ಹೆವಿ ಫಾಸ್ಟ್ ರಾಡ್, 7:1 ಬೇಟ್‌ಕಾಸ್ಟಿಂಗ್ ರೀಲ್, 15 ಪೌಂಡ್ ಫ್ಲೋರೋ. ಜಿಗ್, ಹುಳು, ಸ್ಪಿನ್ನರ್‌ಬೇಟ್ (ತಿರುಗುವ ತಗಡಿನ ಲೂರ್) ಎಲ್ಲ ಇದರಲ್ಲೇ. ಇನ್ನೊಂದು, 7 ಅಡಿ ಮೀಡಿಯಂ ಸ್ಪಿನ್ನಿಂಗ್ ರಾಡ್, 2500 ಸೈಜಿನ ರೀಲ್, 15 ಪೌಂಡ್ ಬ್ರೇಡ್, ಅದರ ತುದಿಗೆ ಡಬಲ್ ಯೂನಿ ಗಂಟಿನಿಂದ ಜೋಡಿಸಿದ 8 ಪೌಂಡ್ ಫ್ಲೋರೋ. ಸಣ್ಣ ಲೂರ್‌ಗಳು, ತಿಳಿನೀರು, ಮೀನು ಬಾಯಿ ಹಾಕಲು ಅನುಮಾನಿಸುವ ದಿನಗಳಿಗೆ ಇದು. ಮೂರನೆಯದನ್ನು ಈಗಲೇ ಕೊಳ್ಳಬೇಡಿ. ನೀವು ಹೋಗುವ ನೀರಿನಲ್ಲಿ ಕಳೆ ಜಾಸ್ತಿ ಇದ್ದರೆ ಅದು ಹೆವಿ ರಾಡ್, 65 ಪೌಂಡ್ ಬ್ರೇಡ್ ಆಗುತ್ತದೆ. ಕಲ್ಲು ಹಾಸಿನ ತೆರೆದ ನೀರಾದರೆ ಗ್ಲಾಸ್ ರಾಡ್, 10 ಪೌಂಡ್ ಫ್ಲೋರೋ. ಒಂದು ಸೀಸನ್ ಕಳೆದ ಮೇಲೆ ಡಬ್ಬಿ ತೆಗೆದು ನೋಡಿ. ಯಾವ ಲೂರ್‌ಗಳ ಬಣ್ಣ ಜಾಸ್ತಿ ಹೋಗಿದೆಯೋ ಅದಕ್ಕೆ ಹೊಂದುವ ರಾಡ್ ತಗೊಳ್ಳಿ.