ಓದುವ ಮೊದಲು ಒಂದು ಊಹೆ ಬರೆದಿಡಲಿ
ಹದಿಹರೆಯದ ಮಕ್ಕಳಿಗೆ ವಿಜ್ಞಾನ, ಮನೋವಿಜ್ಞಾನದಂಥ ಪುಸ್ತಕ ಕೊಟ್ಟಾಗ ಮೊದಲ ಪುಟದಿಂದ ಶುರು ಮಾಡಿಸಬೇಡಿ. ಪರಿವಿಡಿ ನೋಡಿ ಅವರೇ ಒಂದು ಅಧ್ಯಾಯ ಆರಿಸಿಕೊಳ್ಳಲಿ. ಓದುವ ಮುಂಚೆ ಅದರ ಶೀರ್ಷಿಕೆಯನ್ನು ಪ್ರಶ್ನೆಯಾಗಿಸಿ, ತಮಗೆ ತೋಚಿದ ಉತ್ತರವನ್ನು ಎರಡು ಸಾಲು ಬರೆದಿಡಲಿ. 'ನಿದ್ದೆಗೆಟ್ಟರೆ ಓದಿದ್ದು ಯಾಕೆ ಮರೆಯುತ್ತೆ?', 'ಗುಂಪಿನಲ್ಲಿದ್ದಾಗ ನಾವು ಯಾಕೆ ಬೇರೆ ಥರ ನಿರ್ಧರಿಸ್ತೀವಿ?' ಇಂಥವು. ಊಹೆ ತಪ್ಪಾದರೂ ನಷ್ಟವಿಲ್ಲ. ಮೊದಲೇ ಉತ್ತರಿಸಲು ಯತ್ನಿಸಿ ತಪ್ಪಿದವರಿಗೂ ಆಮೇಲೆ ಓದಿದ್ದು ಹೆಚ್ಚು ನೆನಪಿರುತ್ತದೆ ಎಂದು ಮನೋವಿಜ್ಞಾನದ ಸಂಶೋಧಕರಾದ ಲಿಂಡ್ಸೆ ರಿಚ್‌ಲ್ಯಾಂಡ್, ನೇಟ್ ಕಾರ್ನೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಯೋಗಗಳಿಂದ ತೋರಿಸಿದ್ದಾರೆ. ಜೊತೆಗೆ, ಲೇಖಕರು ಹೇಳಿದ್ದನ್ನೆಲ್ಲ ಹಾಗೇ ಒಪ್ಪಿಕೊಳ್ಳದೆ ತಮ್ಮ ಅಭಿಪ್ರಾಯದೊಂದಿಗೆ ತೂಗಿ ನೋಡುವುದು ರೂಢಿಯಾಗುತ್ತೆ. ನೆನಪಿಗಿಂತ ಇದೇ ದೊಡ್ಡ ಲಾಭ ಅಂತ ನನ್ನ ಅನಿಸಿಕೆ. ಜೀವನಚರಿತ್ರೆಗೆ, ಒಂದೇ ವಾದವನ್ನು ಹಂತಹಂತವಾಗಿ ಕಟ್ಟುವ ಪುಸ್ತಕಕ್ಕೆ ನಡುವಿನಿಂದ ಓದುವುದು ಒಗ್ಗಲ್ಲ, ಅವನ್ನು ಮೊದಲಿನಿಂದಲೇ ಓದಬೇಕು. ವಿಷಯದ ಗಂಧವೇ ಇಲ್ಲದಿದ್ದರೆ ಊಹೆಯೂ ಹುಟ್ಟಲ್ಲ, ಬೇರೆ ಅಧ್ಯಾಯಕ್ಕೆ ಹೋಗಲಿ. ಇನ್ನೊಂದು: ಬರೆದದ್ದನ್ನು ನೀವು ತಿದ್ದಲು ಕೂತರೆ ಅದು ಹೋಂವರ್ಕ್ ಆಗಿಬಿಡುತ್ತೆ. ಅವರಾಗಿ ತೋರಿಸಿದರೆ ಮಾತ್ರ ನೋಡಿ.