ಅಂಚೆ ಮತ: ಪಟ್ಟಿಯಲ್ಲಿ ಹೆಸರು ಸೇರಿಸಿದಲ್ಲಿಂದ ಲಕೋಟೆ ಅಂಟಿಸುವವರೆಗೆ

ಚುನಾವಣಾ ಕರ್ತವ್ಯಕ್ಕೆ ನೇಮಕಗೊಂಡ ಶಿಕ್ಷಕರು ಮತದಾನದ ದಿನ ತಮ್ಮ ಸ್ವಂತ ಮತಗಟ್ಟೆಗೆ ಹೋಗುವುದು ಕಷ್ಟ. ಹಿಂದಿನ ದಿನವೇ ಮಸ್ಟರಿಂಗ್ ಕೇಂದ್ರಕ್ಕೆ ಹಾಜರಾಗಿ, ಮತಯಂತ್ರ ಮತ್ತು ಸಾಮಗ್ರಿಗಳನ್ನು ಲೆಕ್ಕ ಮಾಡಿ ಪಡೆದು, ನಿಗದಿಯಾದ ಬಸ್ಸಿನಲ್ಲಿ ಹೊರಟರೆ ಮರುದಿನ ಅವುಗಳನ್ನು ಮರಳಿ ಒಪ್ಪಿಸುವ ಡಿಮಸ್ಟರಿಂಗ್ ಮುಗಿಯುವವರೆಗೆ ಬಿಡುವಿಲ್ಲ. ಊರಿನವರೆಲ್ಲರ ಮತಕ್ಕೆ ಕಾವಲು ನಿಂತವರ ಮತವೇ ತಪ್ಪಿಹೋಗಬಾರದೆಂದು ಕಾನೂನು ಅಂಚೆ ಮತಪತ್ರದ ವ್ಯವಸ್ಥೆ ಮಾಡಿದೆ. 2018ರ ವಿಧಾನಸಭಾ ಚುನಾವಣೆಯಲ್ಲಿ ನಾನು ಮತ ಚಲಾಯಿಸಿದ್ದು ಹಾಗೆಯೇ.

ನಾನು ಮಂಗಳೂರಿನಿಂದ ಉಡುಪಿಗೆ ವರ್ಗವಾಗಿ ಬಂದವಳು. ನನ್ನ ಹೆಸರು ಮಂಗಳೂರಿನ ಮತದಾರರ ಪಟ್ಟಿಯಲ್ಲೇ ಇತ್ತು. ಒಬ್ಬರ ಹೆಸರು ಎರಡು ಕ್ಷೇತ್ರಗಳಲ್ಲಿ ಇರಕೂಡದೆಂದು 1950ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ಹಾಗಾಗಿ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6ರಲ್ಲಿ ಹೊಸ ವಿಳಾಸದ ಜೊತೆಗೆ ಹಳೆಯ ವಿಳಾಸವನ್ನೂ ಹಳೆಯ ಗುರುತಿನ ಚೀಟಿಯ ಸಂಖ್ಯೆಯನ್ನೂ ತುಂಬಿ, ಮನೆ ಬಾಡಿಗೆ ಕರಾರಿನ ಪ್ರತಿಯನ್ನು ಲಗತ್ತಿಸಿ ತಾಲೂಕು ಕಚೇರಿಯಲ್ಲಿ ಕೊಟ್ಟೆ. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಮನೆಗೆ ಬಂದು ವಿಚಾರಿಸಿಕೊಂಡು ಹೋದರು. ಈಗ ಇದು ಸರಳವಾಗಿದೆ. 2022ರ ಆಗಸ್ಟ್‌ನಿಂದ ವಾಸಸ್ಥಳ ಬದಲಾದವರು ನಮೂನೆ 8 ತುಂಬಿದರೆ ಸಾಕು, ನಮೂನೆ 6 ಹೊಸದಾಗಿ ಸೇರುವವರಿಗೆ ಮಾತ್ರ. ಹದಿನೆಂಟು ತುಂಬುವ ಮಕ್ಕಳಿಗೂ ಈಗ ಜನವರಿ 1ರ ಒಂದೇ ದಿನವಲ್ಲ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳ ಒಂದನೇ ತಾರೀಕುಗಳೂ ಅರ್ಹತಾ ದಿನಗಳಾಗಿವೆ.

ಅಂತಿಮ ಪಟ್ಟಿ ಪ್ರಕಟವಾದಾಗ ನನ್ನ ಹೆಸರಿನ ಎದುರಿಗಿದ್ದ ಭಾಗದ ಸಂಖ್ಯೆ ಮತ್ತು ಕ್ರಮ ಸಂಖ್ಯೆಯನ್ನು ಬರೆದಿಟ್ಟುಕೊಂಡೆ. ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಕೆಂದು ನಂಬಿದವರು ನನ್ನ ಸಹೋದ್ಯೋಗಿಗಳಲ್ಲಿಯೂ ಅನೇಕರಿದ್ದಾರೆ. ಆದರೆ ಅಂಚೆ ಮತದ ಅರ್ಜಿಯಾದ ನಮೂನೆ 12ರಲ್ಲಿ ಕೇಳುವುದು ಪಟ್ಟಿಯ ಈ ಎರಡು ಸಂಖ್ಯೆಗಳನ್ನು. ತರಬೇತಿಯ ಸಭಾಂಗಣದಲ್ಲಿ ಅರ್ಜಿ ಕೈಗೆ ಬಂದ ಮೇಲೆ ಅವುಗಳನ್ನು ಹುಡುಕತೊಡಗಿದರೆ, ಆ ಗಡಿಬಿಡಿಯಲ್ಲಿ ತಪ್ಪು ಸಂಖ್ಯೆ ಬೀಳುವ ಸಂಭವವೇ ಹೆಚ್ಚು.

ನನಗೆ ಬೈಂದೂರು ಕ್ಷೇತ್ರದಲ್ಲಿ ಕರ್ತವ್ಯ ಬಿದ್ದಿತ್ತು. ಮತ ಇದ್ದದ್ದು ಉಡುಪಿ ಕ್ಷೇತ್ರದಲ್ಲಿ. ಕರ್ತವ್ಯವೂ ಮತವೂ ಒಂದೇ ಕ್ಷೇತ್ರದಲ್ಲಿದ್ದರೆ ನಮೂನೆ 12ಎ ಸಲ್ಲಿಸಿ ಚುನಾವಣಾ ಕರ್ತವ್ಯ ಪ್ರಮಾಣಪತ್ರ ಪಡೆಯಬಹುದು. ಅದನ್ನು ತೋರಿಸಿ, ನಾವು ಕೆಲಸ ಮಾಡುವ ಮತಗಟ್ಟೆಯ ಯಂತ್ರದಲ್ಲೇ ಮತ ಹಾಕಬಹುದು. ಕ್ಷೇತ್ರ ಬೇರೆಯಾದರೆ ಅಂಚೆ ಮತಪತ್ರವೊಂದೇ ದಾರಿ. ಅರ್ಜಿಯು ಮತದಾನಕ್ಕೆ ಕನಿಷ್ಠ ಏಳು ದಿನ ಮೊದಲು ನಮ್ಮ ಮತವಿರುವ ಕ್ಷೇತ್ರದ ಚುನಾವಣಾಧಿಕಾರಿಯನ್ನು ತಲುಪಬೇಕು. ನಾನು ಮೊದಲ ತರಬೇತಿಯ ದಿನವೇ ನೇಮಕಾತಿ ಆದೇಶದ ಪ್ರತಿಯೊಂದಿಗೆ ಸಲ್ಲಿಸಿದೆ. ಮತಪತ್ರ ಕಳುಹಿಸಬೇಕಾದ ವಿಳಾಸವನ್ನು ಕೇಳುವ ಜಾಗದಲ್ಲಿ ಮನೆಯ ವಿಳಾಸ ಬರೆದೆ. ಮೇ ತಿಂಗಳಲ್ಲಿ ಶಾಲೆಗೆ ರಜೆ, ಅಲ್ಲಿಗೆ ಬಂದ ಅಂಚೆಯನ್ನು ಯಾರು ತೆಗೆದುಕೊಳ್ಳಬೇಕು?

ಬಂದ ಕಟ್ಟಿನಲ್ಲಿ ಮತಪತ್ರ, 13ಎ ಎಂಬ ಘೋಷಣಾ ಪತ್ರ, 13ಬಿ ಎಂಬ ಒಳ ಲಕೋಟೆ, 13ಸಿ ಎಂಬ ಹೊರ ಲಕೋಟೆ ಹಾಗೂ 13ಡಿ ಎಂಬ ಸೂಚನಾ ಪತ್ರ ಇದ್ದವು. ನಾನು ಮೊದಲು ಸೂಚನಾ ಪತ್ರವನ್ನು ಪೂರ್ತಿ ಓದಿ, ಅನಂತರವೇ ಪೆನ್ನು ಹಿಡಿದೆ. ಮತಪತ್ರದ ಕ್ರಮ ಸಂಖ್ಯೆಯನ್ನು ಘೋಷಣಾ ಪತ್ರದಲ್ಲಿ ಬರೆದು, ಒಳ ಲಕೋಟೆಯ ಮೇಲೂ ಅದೇ ಸಂಖ್ಯೆ ಇದೆಯೇ ಎಂದು ಅಂಕಿಗೆ ಅಂಕಿ ತಾಳೆ ನೋಡಿದೆ. ಘೋಷಣಾ ಪತ್ರಕ್ಕೆ ಸರ್ಕಾರಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪತ್ರಾಂಕಿತ ಅಧಿಕಾರಿಯೊಬ್ಬರ ಎದುರಿನಲ್ಲಿ ಸಹಿ ಮಾಡಿದೆ, ಅವರು ದೃಢೀಕರಿಸಿ ಮೊಹರು ಹಾಕಿದರು. ನಾವು ಕೆಲಸ ಮಾಡುವ ಮತಗಟ್ಟೆಯ ಅಧ್ಯಕ್ಷಾಧಿಕಾರಿಯೂ ಇದನ್ನು ದೃಢೀಕರಿಸಬಹುದು, ಆದರೆ ಅಷ್ಟರವರೆಗೆ ಕಾಯುವುದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ. ದೃಢೀಕರಿಸುವವರು ನೋಡಬೇಕಾದದ್ದು ಸಹಿಯನ್ನು ಮಾತ್ರ. ಗುರುತು ಹಾಕಿದ ಮತಪತ್ರವನ್ನು ಅವರಿಗೂ ತೋರಿಸಕೂಡದು.

ಗುರುತನ್ನು ಒಬ್ಬಳೇ ಕುಳಿತು ಹಾಕಿದೆ. ಮತಪತ್ರದ ಮೇಲೆ ಹೆಸರು, ಸಹಿ ಅಥವಾ ಮತದಾರರನ್ನು ಪತ್ತೆ ಹಚ್ಚಬಹುದಾದ ಬೇರೆ ಯಾವ ಬರಹವೂ ಇರಬಾರದು. ಬಳಿಕ ಮತಪತ್ರವನ್ನು ಮಾತ್ರ ಒಳ ಲಕೋಟೆಯಲ್ಲಿಟ್ಟು ಅಂಟಿಸಿ, ಆ ಲಕೋಟೆಯನ್ನೂ ಘೋಷಣಾ ಪತ್ರವನ್ನೂ ಬೇರೆ ಬೇರೆಯಾಗಿ ಹೊರ ಲಕೋಟೆಗೆ ಸೇರಿಸಿದೆ. ಈ ಜೋಡಣೆ ಏಕೆ ಇಷ್ಟು ಮುಖ್ಯವೆಂದರೆ, ಎಣಿಕೆಯ ಮೇಜಿನಲ್ಲಿ ಮೊದಲು ತೆರೆಯುವುದು ಹೊರ ಲಕೋಟೆಯನ್ನು. ಘೋಷಣಾ ಪತ್ರ ಅದರಲ್ಲಿ ಸಿಗದಿದ್ದರೆ, ಸಹಿ ಅಥವಾ ದೃಢೀಕರಣ ಇಲ್ಲದಿದ್ದರೆ, ಇಲ್ಲವೇ ಅದರಲ್ಲಿರುವ ಸಂಖ್ಯೆಯು ಒಳ ಲಕೋಟೆಯ ಸಂಖ್ಯೆಗೆ ಹೊಂದದಿದ್ದರೆ, ಒಳ ಲಕೋಟೆಯನ್ನು ತೆರೆಯದೆಯೇ ಮತವನ್ನು ತಿರಸ್ಕರಿಸುತ್ತಾರೆ. ಎಷ್ಟೋ ಯೋಚಿಸಿ ಹಾಕಿದ ಗುರುತು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಮತದ ಮೇಲೆ ನಂಬಿಕೆಯಿಟ್ಟ ಯಾರಿಗೂ ಇದು ಸಣ್ಣ ನಷ್ಟವಲ್ಲ.

ಆ ವರ್ಷ ಮೇ 12ರಂದು ಮತದಾನ, 15ರಂದು ಎಣಿಕೆ. ಎಣಿಕೆ ಆರಂಭವಾಗುವ ಗಳಿಗೆಯೊಳಗೆ ಲಕೋಟೆ ಚುನಾವಣಾಧಿಕಾರಿಯ ಕೈ ಸೇರಿರಬೇಕಾದ್ದರಿಂದ, ಮಸ್ಟರಿಂಗ್‌ಗೆ ಹೊರಡುವ ಮೊದಲೇ ಅದನ್ನು ಅಂಚೆ ಕಚೇರಿಯಲ್ಲಿ ಕೊಟ್ಟುಬಂದೆ.

ಈಗ ಕರ್ತವ್ಯದಲ್ಲಿರುವವರು ಅಂಚೆ ಮತಪತ್ರವನ್ನು ಮನೆಗೆ ತರಿಸಿಕೊಳ್ಳುವಂತಿಲ್ಲ. 2023ರ ಆಗಸ್ಟ್‌ನ ನಿಯಮ ತಿದ್ದುಪಡಿಯಂತೆ ಮತದಾರರ ಸೌಲಭ್ಯ ಕೇಂದ್ರದಲ್ಲಿಯೇ ಮತಪತ್ರ ಪಡೆದು, ಅಲ್ಲಿಯೇ ಗುರುತು ಹಾಕಿ ಒಪ್ಪಿಸಬೇಕು. ಲಕೋಟೆಗಳ ಕ್ರಮ ಮಾತ್ರ ಅದೇ. ಲೋಕಸಭಾ ಚುನಾವಣೆಯಲ್ಲಿ ನಮ್ಮ ಜಿಲ್ಲೆಯವರು ಇನ್ನೊಂದನ್ನೂ ಗಮನಿಸಬೇಕು. ಕುಂದಾಪುರ, ಉಡುಪಿ, ಕಾಪು ಮತ್ತು ಕಾರ್ಕಳ ಉಡುಪಿ ಚಿಕ್ಕಮಗಳೂರು ಕ್ಷೇತ್ರಕ್ಕೆ ಸೇರಿದ್ದರೆ, ಬೈಂದೂರು ಶಿವಮೊಗ್ಗಕ್ಕೆ ಸೇರಿದೆ. ಹೀಗಾಗಿ ಉಡುಪಿಯ ಮತದಾರರು ಕಾರ್ಕಳದಲ್ಲಿ ಕರ್ತವ್ಯ ಮಾಡಿದರೆ ಪ್ರಮಾಣಪತ್ರದಿಂದಲೇ ಯಂತ್ರದಲ್ಲಿ ಮತ ಹಾಕಬಹುದು, ಬೈಂದೂರಿನಲ್ಲಾದರೆ ಹಾಗೆ ಮಾಡಲಾಗದು. 2024ರಲ್ಲಂತೂ ಉಡುಪಿಯಲ್ಲಿ ಏಪ್ರಿಲ್ 26ರಂದು, ಬೈಂದೂರಿನಲ್ಲಿ ಮೇ 7ರಂದು ಮತದಾನ ನಡೆಯಿತು.

ಕೊಲ್ಲಿ ದೇಶಗಳಲ್ಲಿರುವ ಬಂಧುಗಳು ತಮಗೂ ಅಂಚೆಯಲ್ಲಿ ಮತ ಕಳುಹಿಸಬಹುದೇ ಎಂದು ನನ್ನನ್ನು ಕೇಳುವುದುಂಟು. ನಮೂನೆ 6ಎ ಮೂಲಕ ಅವರು ಊರಿನ ಪಟ್ಟಿಯಲ್ಲಿ ಹೆಸರು ಸೇರಿಸಬಹುದು. ಆದರೆ ಮತ ಹಾಕಲು ಮೂಲ ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಗೇ ಬರಬೇಕು. ಮನೆಯಲ್ಲಿ 85 ದಾಟಿದ ಹಿರಿಯರಿದ್ದರೆ ಅಥವಾ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರಿದ್ದರೆ ನಮೂನೆ 12ಡಿ ತುಂಬಬಹುದು. ಅಧಿಸೂಚನೆ ಹೊರಟ ಐದು ದಿನಗಳೊಳಗೆ ಅದನ್ನು ಕೊಟ್ಟರೆ ಸಿಬ್ಬಂದಿಯೇ ಮನೆಗೆ ಬಂದು ಮತ ಪಡೆಯುತ್ತಾರೆ. ಅರ್ಜಿ ಅಂಗೀಕಾರವಾದ ಮೇಲೆ ಮತಗಟ್ಟೆಯಲ್ಲಿ ಮತ ಹಾಕಲು ಅವಕಾಶವಿರುವುದಿಲ್ಲವಾದ್ದರಿಂದ, ಹಿರಿಯರನ್ನು ಕೇಳಿಯೇ ಅರ್ಜಿ ಕೊಡಬೇಕು.