ಬೇಕರಿ ಲೆಕ್ಕದಲ್ಲಿ ಬ್ರಿಟನ್ ಪದವಿ: ನನ್ನ ಅನುಭವ

ಬ್ರಿಟನ್ನಿನಲ್ಲಿ ಓದುತ್ತಿರುವ ಮಗಳಿಗೆ ಸೆಪ್ಟೆಂಬರ್‌ನಿಂದ ಒಂದು ವರ್ಷದ ಪ್ಲೇಸ್‌ಮೆಂಟ್, ಅಂದರೆ ಓದಿನ ನಡುವೆ ಸಂಬಳದ ಕೆಲಸ, ಸಿಕ್ಕಿತು, ಬಿಸ್ಕತ್ತು ಕಾರ್ಖಾನೆಯೊಂದರ ಲ್ಯಾಬಿನಲ್ಲಿ. ಅದು ಖಾತ್ರಿಯಾದ ಮೇಲೇ ಇದನ್ನು ಬರೆಯಲು ಕೂತೆ. 2023ರಲ್ಲಿ ಅವಳಿಗೆ ವಿಶ್ವವಿದ್ಯಾಲಯ ಆರಿಸಲು ನಾನು ಮಾಡಿದ ಎಕ್ಸೆಲ್ ಹಾಳೆ ನೋಡಿ ನಗದವರಿಲ್ಲ. "ಭಾವ, ಇದೇನು ಮೈದಾ ಮೂಟೆ ಖರೀದಿನಾ? ಟಾಪ್ ನೂರರಲ್ಲಿ ಇಲ್ಲದಿದ್ರೆ ಕಳಿಸಲೇಬೇಡಿ" ಅಂದಿದ್ದ ಬೆಂಗಳೂರಲ್ಲಿ ಸಾಫ್ಟ್‌ವೇರಿನಲ್ಲಿರೋ ಭಾವಮೈದ.

ನಾನು ಹಾಸನದವನು, ಬೇಕರಿ ಶುರು ಮಾಡಿ ಇಪ್ಪತ್ತೆರಡು ವರ್ಷ ಆಯಿತು. ಮಗಳಿಗೆ ಫುಡ್ ಸೈನ್ಸ್ ಹುಚ್ಚು. ಇಲ್ಲೂ ಬಿಟೆಕ್ ಇದೆ, ಸೀಟೂ ಸಿಗುತ್ತಿತ್ತೇನೋ. ಆ ಜಗಳ ಮನೆಯಲ್ಲಿ ಆರು ತಿಂಗಳು ನಡೆದು ಮುಗಿದಿದೆ, ಮತ್ತೆ ಕೆದಕುವುದಿಲ್ಲ.

ಮೊದಲ ಪೆಟ್ಟು ಏಜೆಂಟನಿಂದ. ಮೂವತ್ತೈದು ಸಾವಿರ ಕಟ್ಟಿಸಿಕೊಂಡು ಏಳು ಹೆಸರು ಕೊಟ್ಟ, ಐದರಲ್ಲಿ ಫೌಂಡೇಶನ್ ವರ್ಷ, ಅಂದರೆ ಪದವಿಗೆ ಮುಂಚೆ ಒಂದು ವರ್ಷ ತಯಾರಿ ಓದು. "ಪಿಯುಸಿಯವರಿಗೆ ಅದು ಬೇಕೇ ಬೇಕು ಸಾರ್" ಅಂದ. ಒಂದೊಂದು ವಿಶ್ವವಿದ್ಯಾಲಯಕ್ಕೂ ನಾನೇ ಮೇಲ್ ಹಾಕಿದೆ. ಸಿಬಿಎಸ್‌ಇಗಿಂತ ರಾಜ್ಯ ಮಂಡಳಿಯವರಿಗೆ ಕೆಲವರು ಹೆಚ್ಚು ಪರ್ಸೆಂಟ್ ಕೇಳುತ್ತಾರೆ, ಅಷ್ಟೇ. ನೇರವಾಗಿ ಮೊದಲ ವರ್ಷಕ್ಕೆ ತೆಗೆದುಕೊಳ್ಳುವವರು ಬೇಕಾದಷ್ಟಿದ್ದಾರೆ. ಮೂವತ್ತೈದು ಸಾವಿರ ವಾಪಸ್ ಬರಲಿಲ್ಲ. ಇಡೀ ಒಂದು ವರ್ಷದ ಫೀಸು ಉಳಿಯಿತು ಅಂತ ಸಮಾಧಾನ ಮಾಡಿಕೊಂಡೆ.

ಎರಡನೇ ಪೆಟ್ಟು ರ‍್ಯಾಂಕಿಂಗಿನದು. ಎರಡು ತಿಂಗಳು ಜಗತ್ತಿನ ವಿಶ್ವವಿದ್ಯಾಲಯಗಳ ಕ್ಯೂಎಸ್ ಪಟ್ಟಿ, ಬ್ರಿಟನ್ನಿನವುಗಳ ಗಾರ್ಡಿಯನ್ ಪತ್ರಿಕೆಯ ಪಟ್ಟಿ ಪಕ್ಕಪಕ್ಕ ಇಟ್ಟುಕೊಂಡು ತಲೆ ಕೆಡಿಸಿಕೊಂಡೆ. ಒಂದು ಪಟ್ಟಿಯಲ್ಲಿ ಮೇಲಿದ್ದದ್ದು ಇನ್ನೊಂದರಲ್ಲಿ ನಾಪತ್ತೆ. ಕ್ಯೂಎಸ್‌ನವರು ಸಂಶೋಧನೆ, ಹೆಸರು ತೂಗುತ್ತಾರೆ. ಗಾರ್ಡಿಯನ್ನಿನವರು ಸಂಶೋಧನೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮಗೆ ಬೇಕಿದ್ದದ್ದು ಮಗಳ ಕೈಗೆ ಹಿಟ್ಟು ಸಿಗುತ್ತದೋ ಇಲ್ಲವೋ ಅನ್ನೋದು. ಅದು ಯಾವ ಪಟ್ಟಿಯಲ್ಲೂ ಇಲ್ಲ.

ಆಮೇಲೆ ಲೆಕ್ಕವನ್ನು ಕೊನೆಯಿಂದ ಶುರು ಮಾಡಿದೆ. ಕೋರ್ಸಿಗೆ ಬ್ರಿಟನ್ನಿನ ಆಹಾರ ವಿಜ್ಞಾನ ಸಂಸ್ಥೆ ಐಎಫ್‌ಎಸ್‌ಟಿಯ ಮಾನ್ಯತೆ ಇದೆಯೇ? ಓದಿನ ನಡುವೆ ಒಂದು ವರ್ಷ ಕಾರ್ಖಾನೆಗೆ ಕಳಿಸುತ್ತಾರೆಯೇ, ಆ ವರ್ಷದ ಫೀಸು ಎಷ್ಟು? ಯಂತ್ರಗಳಿರುವ ಪೈಲಟ್ ಪ್ಲಾಂಟ್ (ಕಲಿಯಲೆಂದೇ ಇರುವ ಪುಟ್ಟ ಕಾರ್ಖಾನೆ) ಇದೆಯೇ, ಅದರೊಳಗೆ ಮೊದಲ ವರ್ಷದವರನ್ನು ಬಿಡುತ್ತಾರೆಯೇ? ಕೊನೆಗೆ ಕೋಣೆ ಬಾಡಿಗೆ. ಡಿಸ್ಕವರ್ ಯೂನಿ ಅನ್ನೋ ಸರ್ಕಾರಿ ತಾಣದಲ್ಲಿ ಕೋರ್ಸುವಾರು ಓದು ಬಿಟ್ಟವರು, ಕೆಲಸ ಸಿಕ್ಕವರು, ಸಂಬಳ ಎಲ್ಲ ಸಿಗುತ್ತದೆ. ಇದಲ್ಲದೆ ಅಲ್ಲಿ ಓದುತ್ತಿರುವ ಹುಡುಗರಿಗೆ ಮೂರು ಪ್ರಶ್ನೆ ಕೇಳುತ್ತಿದ್ದೆ. ಮೂರನೆಯದಕ್ಕೆ ಅವರು ಕೊಡುವ ಉತ್ತರದಲ್ಲೇ ಎಲ್ಲ ಗೊತ್ತಾಗಿಬಿಡುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ತಮ್ಮನ ಮಗಳು ಮುಂದಿನ ವರ್ಷ ಹೊರಡುವವಳಿದ್ದಾಳೆ.

ಸ್ಕಾಟ್ಲೆಂಡ್ ಮೊದಲೇ ಬಿತ್ತು: ಆನರ್ಸ್‌ಗೆ ನಾಲ್ಕು ವರ್ಷ, ನಾಲ್ಕಕ್ಕೂ ಪೂರ್ತಿ ಫೀಸು. ಅಲ್ಲಿನ ಎಲ್ಲ ಪದವಿ ಅರ್ಜಿ ಹಾಕುವ ಯುಕಾಸ್‌ ತಾಣದಲ್ಲಿ ಐದೇ ಆಯ್ಕೆ. ಲೀಡ್ಸ್, ರೆಡಿಂಗ್, ನಾಟಿಂಗ್‌ಹ್ಯಾಮ್, ಬೆಲ್‌ಫಾಸ್ಟಿನ ಕ್ವೀನ್ಸ್ ಹಾಕಿದೆವು. ಐದನೆಯದು ಭಾವಮೈದನ ಸಮಾಧಾನಕ್ಕೆ, ಹೆಸರು ಬೇಡ. ರಿಜೆಕ್ಟ್ ಆಗಿದ್ದು ಅದೊಂದೇ. ನಾಟಿಂಗ್‌ಹ್ಯಾಮ್‌ನಲ್ಲಿ ಈ ಕೋರ್ಸ್ ನಡೆಯುವುದು ಊರಾಚೆಯ ಸಟನ್ ಬಾನಿಂಗ್ಟನ್‌ನಲ್ಲಿ. ಸ್ಟ್ರೀಟ್ ವ್ಯೂನಲ್ಲಿ ಇಬ್ಬರೂ ಕೂತು ಆ ರಸ್ತೆಗಳಲ್ಲಿ ಸುತ್ತಿದೆವು. "ಅಪ್ಪ, ಅಷ್ಟು ದುಡ್ಡು ಕೊಟ್ಟು ಹೊಲದ ನಡುವೆ ಇರಲ್ಲ" ಅಂದಳು. ಹಾಳೆಯ ಲೆಕ್ಕದಲ್ಲಿ ಗೆದ್ದದ್ದು ರೆಡಿಂಗ್. ಕ್ಯೂಎಸ್‌ನಲ್ಲಿ ನೂರೈವತ್ತರಾಚೆ, ಬಾಡಿಗೆಯೂ ಲೀಡ್ಸ್‌ಗಿಂತ ಜಾಸ್ತಿ. ಆದರೂ ಪೈಲಟ್ ಪ್ಲಾಂಟ್ ಮತ್ತು ಪ್ಲೇಸ್‌ಮೆಂಟ್ ಕಾಲಮ್ಮಿನಲ್ಲಿ ಅದೇ ಮುಂದೆ. ಅದು ಹಂಟ್ಲಿ ಆ್ಯಂಡ್ ಪಾಮರ್ಸ್ ಬಿಸ್ಕತ್ತಿನ ಊರು ಅಂತ ಆಮೇಲೆ ತಿಳಿಯಿತು. 1822ರಲ್ಲಿ ಶುರುವಾದ ಬೇಕರಿ, ಕಾರ್ಖಾನೆ ಈಗಿಲ್ಲ. ಆ ಕಾಲಮ್ ನನ್ನ ಹಾಳೆಯಲ್ಲಿ ಇರಲಿಲ್ಲ, ಆದರೂ ಖುಷಿಯಾಯಿತು.

ಅರ್ಜಿಯ ಜೊತೆ ತನ್ನ ಬಗ್ಗೆ ಬರೆಯಬೇಕಾದ ಪರ್ಸನಲ್ ಸ್ಟೇಟ್‌ಮೆಂಟ್ ಮೊದಲ ಸಲ ಬರೆದಾಗ "ಬಾಲ್ಯದಿಂದಲೂ ನನಗೆ ಆಹಾರದಲ್ಲಿ ಆಸಕ್ತಿ" ಅಂತ ಶುರು ಮಾಡಿದ್ದಳು. ಹರಿದು ಹಾಕಿಸಿದೆ. ಅಂಗಡಿಯಲ್ಲೇ ಒಂದು ಪ್ರಯೋಗ ಮಾಡಿದೆವು: ಒಂದೇ ಒಲೆಯ ಮೂರು ಬ್ರೆಡ್ಡು, ಒಂದು ಕಪಾಟಿನಲ್ಲಿ, ಒಂದು ಫ್ರಿಜ್ಜಿನಲ್ಲಿ, ಒಂದು ಫ್ರೀಜರಿನಲ್ಲಿ. ಮೊದಲು ಗಟ್ಟಿಯಾದದ್ದು ಫ್ರಿಜ್ಜಿನದು. ಪಿಷ್ಟ ಮತ್ತೆ ಹರಳುಗಟ್ಟುವುದು ಆ ಚಳಿಯಲ್ಲೇ ಜೋರು. ಗ್ರಾಹಕರಿಗೆ ಇಪ್ಪತ್ತು ವರ್ಷ "ಫ್ರಿಜ್ಜಲ್ಲಿಡಿ" ಅಂತ ಹೇಳಿದವನು ನಾನು! ನಾಲ್ಕು ಸಾವಿರ ಅಕ್ಷರದಲ್ಲಿ ಅರ್ಧ ಈ ಮೂರು ಬ್ರೆಡ್ಡಿಗೇ ಹೋಯಿತು. ಈಗ ಆ ನಮೂನೆ ಮೂರು ಪ್ರಶ್ನೆಯಾಗಿ ಬದಲಾಗಿದೆ.

ಕಾಲೇಜಿನ ರೆಫರೆನ್ಸ್ ಇನ್ನೊಂದು ಕಥೆ. "ನಡತೆ ಉತ್ತಮ" ಅಂತ ಒಂದು ಸಾಲು ಬರೆದು ಸೀಲು ಒತ್ತಿ ಕೊಟ್ಟರು. ಬರಬಹುದಾದ ಅಂಕ ಊಹಿಸಿ ಬರೆದುಕೊಡಿ ಅಂದರೆ, ಪರೀಕ್ಷೆಗೆ ಮುಂಚೆ ಅಂಕ ಹೇಗೆ ಕೊಡೋದು ಅಂತ ವಾದ. ನಾಲ್ಕು ಸಲ ಹೋದೆ, ಎರಡು ಸಲ ಒಂದು ಕೆಜಿ ಕೇಕು ಸಮೇತ.

ಇನ್ನು ದುಡ್ಡು. ಫೀಸು ವರ್ಷಕ್ಕೆ ಇಪ್ಪತ್ತೇಳು ಸಾವಿರ ಪೌಂಡಿನ ಆಸುಪಾಸು, ಆಗ ಪೌಂಡಿಗೆ ನೂರಾ ಏಳು. ಬೇಲೂರು ರಸ್ತೆಯ ಸೈಟು ಮಾರಿದೆ, ಉಳಿದದ್ದು ಸಾಲ. ಎಲ್ಲರೂ ಮರೆಯುವುದು ಅಲ್ಲಿನ ಆರೋಗ್ಯ ಸೇವೆಗೆ ವೀಸಾ ಜೊತೆ ಕಟ್ಟುವ ಹೆಲ್ತ್ ಸರ್ಚಾರ್ಜ್: ವರ್ಷಕ್ಕೆ 776 ಪೌಂಡ್, ವೀಸಾ ಅವಧಿಗೆಲ್ಲ ಸೇರಿಸಿ ಒಂದೇ ಸಲ. ಪ್ಲೇಸ್‌ಮೆಂಟ್ ವರ್ಷ ಸೇರಿ ನಮಗೆ ಮೂರೂವರೆ ಸಾವಿರ ಪೌಂಡ್ ಹತ್ತಿರ, ಅಂದರೆ ಮೂರೂಮುಕ್ಕಾಲು ಲಕ್ಷ. ಸೈಟಿನ ದುಡ್ಡು ಮೊದಲು ಕಳಿಸಿದ್ದು ದಡ್ಡತನ. ಆಗ ಸ್ವಂತ ದುಡ್ಡಿಗೆ ಏಳು ಲಕ್ಷದ ಮೇಲೆ ಶೇ. 5 ಟಿಸಿಎಸ್ (ವಿದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕು ಮೊದಲೇ ಹಿಡಿದುಕೊಳ್ಳುವ ತೆರಿಗೆ), ಸಾಲದ ದುಡ್ಡಿಗೆ ಶೇ. 0.5. ಅರವತ್ತೈದು ಸಾವಿರದಷ್ಟು ರಿಟರ್ನ್ ಹಾಕುವ ತನಕ ಸಿಕ್ಕಿಹಾಕಿಕೊಂಡಿತ್ತು.

ನಿಜವಾಗಿ ಬೆವರಿಳಿದದ್ದು ವೀಸಾದ ಇಪ್ಪತ್ತೆಂಟು ದಿನದ ನಿಯಮಕ್ಕೆ. ಬಾಕಿ ಫೀಸು, ಜೊತೆಗೆ ತಿಂಗಳಿಗೆ 1,023 ಪೌಂಡಿನಂತೆ ಒಂಬತ್ತು ತಿಂಗಳ ಖರ್ಚು (ಈಗ 1,171 ಆಗಿದೆ) ಖಾತೆಯಲ್ಲಿ ಅಲುಗಾಡದೆ ಇಪ್ಪತ್ತೆಂಟು ದಿನ ಇರಬೇಕು. ಇಪ್ಪತ್ತಾರನೇ ದಿನ ಓವನ್ ಸಾಲದ ಕಂತು ಅದೇ ಖಾತೆಯಿಂದ ತಾನಾಗಿ ಕಟ್ ಆಯಿತು. ಹನ್ನೊಂದು ಸಾವಿರ ಕಮ್ಮಿ! ಮತ್ತೆ ಒಂದರಿಂದ ಎಣಿಕೆ. ಬೆಂಗಳೂರಿನಲ್ಲಿ ಮಾಡಿಸಿದ ಟಿಬಿ ಸರ್ಟಿಫಿಕೇಟು, ಕ್ಯಾಸ್ (ವೀಸಾಗೆ ಬೇಕಾದ ವಿಶ್ವವಿದ್ಯಾಲಯದ ಪ್ರವೇಶ ದೃಢೀಕರಣ) ಎಲ್ಲ ಕೈಯಲ್ಲಿ ಹಿಡಿದುಕೊಂಡು ಜುಲೈ ಪೂರ್ತಿ ಕಾದೆವು. ಹೊರಡಲು ಒಂಬತ್ತು ದಿನ ಇರುವಾಗ ವೀಸಾ ಬಂತು.

ಓದು ಮುಗಿದ ಮೇಲೆ ಎರಡು ವರ್ಷ ಅಲ್ಲಿ ಕೆಲಸ ಹುಡುಕಬಹುದು ಅಂತ ಲೆಕ್ಕ ಹಾಕಿದ್ದೆ. ಆದರೆ ನಿಯಮ ಬದಲಾಗಿದೆ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಹದಿನೆಂಟೇ ತಿಂಗಳು. ನಮ್ಮವಳು ಮುಗಿಸುವುದು 2028ಕ್ಕೆ. ಹಾಗಾಗಿ ಈ ಕಾರ್ಖಾನೆಯ ವರ್ಷಕ್ಕೆ ಬೆಲೆ ಇನ್ನೂ ಜಾಸ್ತಿ. ಸಂಬಳ ಇಪ್ಪತ್ತೆರಡು ಸಾವಿರ ಪೌಂಡಿನ ಸುತ್ತಮುತ್ತ. ಬಾಡಿಗೆ, ಊಟ ಕಳೆದು ಐದಾರು ಸಾವಿರ ಉಳಿಸುತ್ತೇನೆ ಅಂದಿದ್ದಾಳೆ. ಕೊನೇ ವರ್ಷದ ಫೀಸಿನಲ್ಲಿ ಅಷ್ಟು ಕಳೆದು ಮಿಕ್ಕಿದ್ದಕ್ಕೆ ನಾನು ಈಗಲೇ ಚೀಟಿ ಹಾಕಿದ್ದೇನೆ, ಕಂತು ಬೇರೆ ಖಾತೆಯಿಂದ.